ಅಪ್ಪ ಬುದ್ಧಿ, ಅಮ್ಮ ಹೊಟ್ಟೆ, ನಾನು ಕೋಪ

ನಿಮ್ಮ ಮನೆಯಲ್ಲೂ ಹೀಗೆ ಆಗಿತ್ತಾ? ನಿಮಗಿನ್ನೂ ಸರಿಯಾಗಿ ಜಡೆ ಹಾಕಿಕೊಳ್ಳಲು, ಶೂ ಲೇಸು ಕಟ್ಟಿಕೊಳ್ಳಲು ಬರುತ್ತಿರಲಿಲ್ಲ, ಅಷ್ಟರಲ್ಲೇ ಮನೆಯವರು ನಿಮ್ಮ ಹಣೆಗೊಂದು ಚೀಟಿ ಅಂಟಿಸಿಬಿಟ್ಟರಾ? ಇವನು ಜಾಣ, ಇವಳು ಜಗಳಗಂಟಿ, ಇದೊಂದು ಹೊಟ್ಟೆಬಾಕ ಅಂತ? ಆಮೇಲೆ ನೀವು ಅತ್ತರೂ ನಕ್ಕರೂ ಜ್ವರ ಬಂದು ಮಲಗಿದರೂ ಎಲ್ಲರೂ ಆ ಚೀಟಿಯನ್ನೇ ಓದಿ ನಿಮ್ಮನ್ನು ಅಳೆದರಾ? ಹಾಗಿದ್ದರೆ ಕೂತುಕೊಳ್ಳಿ, ಪಕ್ಕದಲ್ಲಿ ಒಂದು ಲೋಟ ಕಾಫಿ ಇಟ್ಟುಕೊಳ್ಳಿ, ಇದು ಸ್ವಲ್ಪ ಉದ್ದ ಇದೆ. ನನ್ನ ಕತೆಯಲ್ಲಿರುವ ವಿಶೇಷ ಇಷ್ಟೇ: ನಮ್ಮ ಮನೆಯ ಚೀಟಿಗಳು ಗ್ರೀಸ್ ದೇಶದಿಂದ ಬಂದಿದ್ದವು.

ಹೋದ ವಾರ ನೈರೋಬಿಯ ಕಿಲಿಮಾನಿಯಲ್ಲಿರುವ ನಮ್ಮ ಫ್ಲ್ಯಾಟಿಗೆ ಸ್ನೇಹಿತರು ಊಟಕ್ಕೆ ಬಂದಿದ್ದರು. ಯಾವುದೋ ಮಾತಿಗೆ ನನ್ನ ಮಗಳು ಸಿಡುಕಿದಳು. ನಾನು ನಗುತ್ತಾ, ಇವಳು ನಮ್ಮನೆಯ ಕೋಪ, ಅಂದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ದಟ್ಸ್ ನಾಟ್ ಆಲ್ ಐ ಆ್ಯಮ್, ಅಮ್ಮ."

ಅನ್ನ ಬಡಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಇದೇ ಮಾತನ್ನು ನಾನು ಮೊದಲು ಕೇಳಿದ್ದು ಕನ್ನಡದಲ್ಲಿ, ನಾನು ಬೆಳೆದ ಪಂಗಾನಿಯಲ್ಲಿ, ಒಂದು ಕಬ್ಬಿಣದ ಗ್ರಿಲ್ಲಿನ ಆಚೆಯಿಂದ.

ನಮ್ಮಪ್ಪ ಮೈಸೂರಿನವರು, ನೈರೋಬಿಯಲ್ಲಿ ಕಾಲೇಜು ಹುಡುಗರಿಗೆ ತತ್ವಶಾಸ್ತ್ರ ಪಾಠ ಮಾಡುತ್ತಿದ್ದರು. ಅದೇ ಊರಿನ ಪಂಗಾನಿ ಬಡಾವಣೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಮನೆ. ಮುಂದೆ ಹಾಲು, ಹಿಂದೆ ಎರಡು ಕೋಣೆ, ಕೊನೆಯಲ್ಲಿ ಅಡುಗೆಮನೆ, ಇವೆಲ್ಲವನ್ನೂ ಹೊಲಿದಂತೆ ನಡುವೆ ಒಂದು ಉದ್ದನೆಯ ಓಣಿ. ಆ ಓಣಿಯಲ್ಲಿ ಅಪ್ಪ ಬೆಳಿಗ್ಗೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾ ಅಂದಿನ ಪಾಠವನ್ನು ಜೋರಾಗಿ ಒಪ್ಪಿಸಿಕೊಳ್ಳುತ್ತಿದ್ದರು. ಅಡುಗೆಮನೆಯ ತುದಿ ಮುಟ್ಟುವಾಗ ಅಮ್ಮನ ಒಗ್ಗರಣೆ ಸಿಡಿದರೆ ಮಾತು ನಿಲ್ಲಿಸಿ, ಸಾಸಿವೆ ಅಡಗುವ ತನಕ ಕಾದು, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಹೊರಗೆ ಮಟಾಟು ಅನ್ನುವ ಮಿನಿಬಸ್ಸಿನ ಹುಡುಗರು ಟೌನಿಗೆ ಸವಾರಿ ಕೂಗುತ್ತಿದ್ದರು, ಒಳಗೆ ಆತ್ಮಕ್ಕೆ ಮೂರು ಭಾಗ ಅಂತ ಅಪ್ಪ ಕೂಗುತ್ತಿದ್ದರು. ನಾವು ಮಕ್ಕಳಿಗೆ ಎರಡೂ ಒಂದೇ ತರಹದ ಸದ್ದು. ಅಮ್ಮ ತಲೆ ತಗ್ಗಿಸಿ ಸುಕುಮಾ ಸೊಪ್ಪು ಹೆಚ್ಚುತ್ತಿದ್ದರು. ಅವರು ಏನನ್ನಾದರೂ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅಪ್ಪ ಹೇಳುತ್ತಿದ್ದದ್ದು ಸಾವಿರಾರು ವರ್ಷದ ಹಿಂದಿನ ಗ್ರೀಕರ ವಿಚಾರ. ಒಬ್ಬ ಮನುಷ್ಯನ ಒಳಗೆ ನ್ಯಾಯ ಹೇಗಿರುತ್ತದೆ ಅಂತ ನೋಡಬೇಕು, ಆದರೆ ಅದು ಕಣ್ಣಿಗೆ ಸಿಗದಷ್ಟು ಸಣ್ಣದು. ಅದಕ್ಕೇ ಮೊದಲು ಒಂದು ಇಡೀ ಊರನ್ನು ನೋಡು, ಅಲ್ಲಿ ಅದೇ ನ್ಯಾಯ ದೊಡ್ಡದಾಗಿ ಕಾಣುತ್ತದೆ. ಊರಲ್ಲಿ ಆಳುವವರಿದ್ದಾರೆ, ಕಾಯುವವರಿದ್ದಾರೆ, ದುಡಿದು ಉಣಿಸುವವರಿದ್ದಾರೆ. ಮನುಷ್ಯನೊಳಗೂ ಹಾಗೇ: ಬುದ್ಧಿ ಆಳಬೇಕು, ಕೋಪ ಅಂದರೆ ಕೆಚ್ಚು ಅದರ ಪಕ್ಕದಲ್ಲಿ ನಿಂತು ಕಾಯಬೇಕು, ಹಸಿವು ಆಸೆಗಳು ಹೇಳಿದ ಮಾತು ಕೇಳಬೇಕು. ಮೂವರೂ ಅವರವರ ಕೆಲಸ ಮಾಡಿಕೊಂಡು, ಇನ್ನೊಬ್ಬರ ಕೆಲಸಕ್ಕೆ ಕೈ ಹಾಕದಿದ್ದರೆ ಅದೇ ನ್ಯಾಯ. ಕೇಳಲು ಚೆನ್ನಾಗಿದೆ, ಅಲ್ಲವಾ? ಕ್ಲಾಸಿನಲ್ಲಿ ಹೇಳಿ ಬಸ್ಸು ಹಿಡಿದು ಮನೆಗೆ ಬಂದಿದ್ದರೆ ಮುಗಿದುಹೋಗುತ್ತಿತ್ತು. ಊರು ದೊಡ್ಡದಾಯಿತು, ಮನುಷ್ಯ ಸಣ್ಣವನಾದ, ನಡುವೆ ಒಂದು ಮನೆ ಅನ್ನುವುದು ಇದೆಯಲ್ಲ, ಅದರ ಮೇಲೆ ಅಪ್ಪನ ಕಣ್ಣು ಬಿತ್ತು.

ಹಾಗಾಗಿ ಅಪ್ಪ ಬುದ್ಧಿಯಾದರು. ಅಣ್ಣ ಶ್ರೀಧರ ಮುಂದಿನ ಬುದ್ಧಿ, ಅಂದರೆ ತರಬೇತಿಯಲ್ಲಿರುವ ಬುದ್ಧಿ. ಅವನು ಪೊರಕೆ ಮುಟ್ಟುವ ಹಾಗಿರಲಿಲ್ಲ, ಕ್ರಿಕೆಟ್ ಬ್ಯಾಟನ್ನೂ ಮುಟ್ಟುವ ಹಾಗಿರಲಿಲ್ಲ. ನಾನು ಕೋಪ. ಶಾಲೆಯಲ್ಲಿ ಅಣ್ಣನನ್ನು ಅಣಕಿಸಿದ ಹುಡುಗನಿಗೆ ನಾನು ಟಿಫಿನ್ ಡಬ್ಬಿಯಲ್ಲಿ ಬಾರಿಸಿ ಬಂದ ದಿನ ಅಪ್ಪ ಬೈಯಲಿಲ್ಲ, ಬದಲಿಗೆ ಕಣ್ಣರಳಿಸಿ ನನ್ನನ್ನೇ ನೋಡಿದರು, ಹುಡುಕುತ್ತಿದ್ದ ವಸ್ತು ಮನೆಯಲ್ಲೇ ಸಿಕ್ಕಿದ ಹಾಗೆ. ಅಮ್ಮನ ಭಾಗಕ್ಕೆ ಉಳಿದದ್ದು ಒಂದೇ. ಅದನ್ನು ಅಪ್ಪ ಪೋಷಣೆ ಅನ್ನುತ್ತಿದ್ದರು. ಓಣಿಯ ಪಾಠದಲ್ಲಿ ಮಾತ್ರ ಅದರ ಹೆಸರು ಹೊಟ್ಟೆ ಅಂತಲೇ ಇತ್ತು.

ಪ್ರತಿ ಭಾನುವಾರ ಊಟವಾದ ಮೇಲೆ ಮೇಜಿನ ಸಭೆ. ಅಮ್ಮ ಮೆಕ್ಕೆಜೋಳದ ಉಗಾಲಿಯನ್ನೇ ಮುದ್ದೆಯಂತೆ ಉಂಡೆ ಕಟ್ಟಿ ಬಸ್ಸಾರಿನ ಜೊತೆ ಬಡಿಸಿರುತ್ತಿದ್ದರು, ಕೈ ಒಣಗುವ ಮೊದಲೇ ಅಪ್ಪ ಪ್ರಶ್ನೆ ಎಸೆಯುತ್ತಿದ್ದರು. ಸುಳ್ಳು ಹೇಳಿ ಒಳ್ಳೆಯದು ಮಾಡಬಹುದಾ? ಯಾರೂ ನೋಡದಿದ್ದರೂ ಕದಿಯಬಾರದು, ಯಾಕೆ? ಮೇಜಿನಲ್ಲಿ ಕನ್ನಡ ಮಾತ್ರ. ಶಾಲೆಯ ಇಂಗ್ಲಿಷ್ ನಾಲಿಗೆಯ ತುದಿಗೆ ಬಂದರೆ ನುಂಗಿಕೊಂಡು ಮತ್ತೆ ಶುರು ಮಾಡಬೇಕು. ಇವತ್ತು ನಾನು ನಿಮಗೆ ಇಷ್ಟುದ್ದ ಕನ್ನಡದಲ್ಲಿ ಕೊರೆಯುತ್ತಿರುವುದು ಆ ಮೇಜಿನಿಂದಲೇ ಬಂದದ್ದು, ಅದನ್ನು ಅಪ್ಪನ ಲೆಕ್ಕಕ್ಕೆ ಬರೆದೇ ಮುಂದೆ ಹೋಗುತ್ತೇನೆ. ಆದರೆ ನಾನು ಆ ಮೇಜಿಗೆ ಹೆದರುತ್ತಿದ್ದೆ ಕೂಡ. ಅಪ್ಪ ಯಾವತ್ತೂ ಕೂಗುತ್ತಿರಲಿಲ್ಲ. ಮೆತ್ತಗೆ ಒಂದೊಂದೇ ಪ್ರಶ್ನೆ ಕೇಳುತ್ತಾ ಕೇಳುತ್ತಾ ನಿಮ್ಮನ್ನು ಗೋಡೆಯ ತನಕ ಒತ್ತಿಕೊಂಡು ಹೋಗಿ ಅಲ್ಲಿ ಬಿಡುತ್ತಿದ್ದರು.

ಈ ನಡುವೆ ಪಕ್ಕದ ಕಟ್ಟಡದ ಗುಜರಾತಿಯವರ ಮನೆಗೆ ಹಾಡಹಗಲೇ ಕಳ್ಳರು ನುಗ್ಗಿದರು. ಬೀದಿಯವರೆಲ್ಲ ಬಾಗಿಲಿಗೆ ಕಬ್ಬಿಣದ ಗ್ರಿಲ್ ಹಾಕಿಸಿದರು, ನಾವೂ ಹಾಕಿಸಿದೆವು. ಬೀಗಕ್ಕೆ ಒಂದೇ ಕೀಲಿ. ಅದನ್ನು ಅಪ್ಪ ಕಪ್ಪು ದಾರದಲ್ಲಿ ಪೋಣಿಸಿ ನನ್ನ ಕೊರಳಿಗೆ ಹಾಕಿದರು. ನೈರೋಬಿಯಲ್ಲಿ ವರ್ಷವಿಡೀ ಸಂಜೆ ಆರೂವರೆ ಏಳರ ಹೊತ್ತಿಗೆ ಪರದೆ ಎಳೆದಂತೆ ಕತ್ತಲಾಗುತ್ತದೆ. ಕತ್ತಲಾದ ಕೂಡಲೇ ಬೀಗ ಹಾಕಬೇಕು, ಆಮೇಲೆ ಅಪ್ಪ ತೆಗಿ ಅಂದರೆ ಮಾತ್ರ ತೆಗೆಯಬೇಕು. ಕಾಯುವವನು ತೀರ್ಮಾನ ಮಾಡುವ ಹಾಗಿಲ್ಲ, ತೀರ್ಮಾನ ಬುದ್ಧಿಯದು. ನನಗಾಗ ಹತ್ತು ವರ್ಷ. ಸ್ನಾನ ಮಾಡುವಾಗಲೂ ಆ ಕೀಲಿ ತೆಗೆಯುತ್ತಿರಲಿಲ್ಲ, ಎದೆಯ ಮೇಲೆ ಅದರ ಅಚ್ಚು ಬಿದ್ದಿತ್ತು, ಆ ಅಚ್ಚನ್ನು ಕನ್ನಡಿಯಲ್ಲಿ ನೋಡಿಕೊಂಡು ಹೆಮ್ಮೆಪಡುತ್ತಿದ್ದೆ.

ಶೆಣೈ ಅಂಕಲ್ ಮಂಗಳೂರಿನವರು, ಸೌತ್ ಬಿ ಬಡಾವಣೆಯ ಪಕ್ಕದಲ್ಲಿ ಒಂದು ಬಿಸ್ಕತ್ತು ಫ್ಯಾಕ್ಟರಿಯ ಮ್ಯಾನೇಜರು. ಒಂದು ಭಾನುವಾರ ಊಟಕ್ಕೆ ಬಂದವರು ಮಾತಿಗೆ ಮಾತು ಬಂದು, ನಮ್ಮ ಲ್ಯಾಬಿಗೆ ಕೆಮಿಸ್ಟ್ರಿ ಓದಿದವರು ಬೇಕಾಗಿದ್ದಾರೆ, ಅತ್ತಿಗೆ ಬರ್ತಾರೇನು, ಅಂದರು. ಅಮ್ಮ ಬಿ.ಎಸ್ಸಿ. ಮಾಡಿದ್ದು ಅವರಿಗೆ ನೆನಪಿತ್ತು. ನಮ್ಮ ಮನೆಯಲ್ಲಿ ಅದು ಯಾರಿಗೂ ನೆನಪಿರಲಿಲ್ಲ. ಅಮ್ಮ ಸಾರಿನ ಸೌಟು ಹಿಡಿದುಕೊಂಡೇ, ಬರ್ತೀನಿ, ಅಂದುಬಿಟ್ಟರು. ಶೆಣೈ ಅಂಕಲ್ ಹೋದ ಮೇಲೆ ಅಪ್ಪ ಮೇಜು ಒರೆಸಲೂ ಬಿಡದೆ ಸಭೆ ಕರೆದರು.

"ಶ್ರೀಧರ, ಮನೆಯಲ್ಲಿ ನ್ಯಾಯ ಅಂದ್ರೆ ಏನು?"

"ಅವರವರ ಕೆಲಸ ಅವರವರು ಮಾಡೋದು. ಇನ್ನೊಬ್ಬರದ್ದಕ್ಕೆ ಕೈ ಹಾಕ್ದೆ ಇರೋದು," ಅಣ್ಣ ತಟ್ಟೆ ನೋಡುತ್ತಾ ಒಪ್ಪಿಸಿದ.

"ನನ್ನ ಕೆಲಸ ಇದು ಅಂತ ಹೇಳಿದ್ಯಾರು ರೀ?" ಅಂದರು ಅಮ್ಮ. ಮೇಜಿನ ಸಭೆಯಲ್ಲಿ ಅವರು ಬಾಯಿ ತೆರೆದದ್ದು ಅದೇ ಮೊದಲು.

"ಸ್ವಭಾವ ಹೇಳುತ್ತೆ, ಸುಮಿ. ಒಬ್ಬೊಬ್ಬರ ಸ್ವಭಾವಕ್ಕೆ ಒಂದೊಂದು ಕೆಲಸ."

"ಆ ನಿಮ್ಮ ಗ್ರೀಕರು ಹೆಂಗಸರೂ ಊರು ಆಳಬಹುದು ಅಂದಿದಾರಲ್ಲ. ಹೋದ ತಿಂಗಳು ನೀವೇ ಓಣಿಯಲ್ಲಿ ಪಾಠ ಮಾಡಿದ್ರಿ, ನಾನು ಬದನೆಕಾಯಿ ಹೆಚ್ಚುತ್ತಾ ಇದ್ದೆ."

ಅಪ್ಪ ಕನ್ನಡಕ ತೆಗೆದು ಒರೆಸಿದರು. ಅದು ಬೇರೆ ಸಂದರ್ಭ, ಅಂದರು. ನಾನು ತಡೆಯುವವನಲ್ಲ, ಹೋಗು, ಆದರೆ ಮನೆಯ ನಿಯಮ ಎಲ್ಲರಿಗೂ ಒಂದೇ, ಅಂತಲೂ ಅಂದರು. ಹಾಗೆ ಹೇಳುವಾಗ ಅವರು ನೋಡಿದ್ದು ಅಮ್ಮನ ಕಡೆಗಲ್ಲ, ನನ್ನ ಕೊರಳಿನ ಕಡೆಗೆ.

ಆಮೇಲಿನ ವಾರಗಳೆಲ್ಲ ಒಂದೇ ತರಹ. ಅಮ್ಮ ಬೆಳಗಿನ ಜಾವಕ್ಕೇ ಎದ್ದು ಎರಡು ಹೊತ್ತಿನ ಅಡುಗೆ ಮುಗಿಸಿ ಮಟಾಟು ಹತ್ತುತ್ತಿದ್ದರು. ಸಂಜೆ ಫ್ಯಾಕ್ಟರಿ ಬಿಟ್ಟ ಮೇಲೆ ಟೌನಿಗೆ ಒಂದು, ಅಲ್ಲಿಂದ ಪಂಗಾನಿಗೆ ಇನ್ನೊಂದು. ನಾನು ಗ್ರಿಲ್ಲಿನ ಒಳಗೆ ನಿಂತು ಎದುರುಗಡೆಯ ಗೋಡೆಯ ಮೇಲಿನ ಬಿಸಿಲು ಮೇಲೇರುತ್ತಾ ಹೋಗುವುದನ್ನು ನೋಡುತ್ತಿದ್ದೆ. ಹಿಂದೆ ಕುರ್ಚಿಯಲ್ಲಿ ಅಪ್ಪ, ಕೈಯಲ್ಲಿ ಪೇಪರು. ಪುಟ ಮಾತ್ರ ತಿರುಗುತ್ತಿರಲಿಲ್ಲ. ಇನ್ನೇನು ಕತ್ತಲಾಯಿತು ಅನ್ನುವಾಗ ಮೆಟ್ಟಿಲ ಮೇಲೆ ಅಮ್ಮನ ಚಪ್ಪಲಿಯ ಸದ್ದು, ಅದರ ಹಿಂದೆಯೇ ವೆನಿಲಾ ಎಸೆನ್ಸಿನ ವಾಸನೆ. ಅವರು ಏದುಸಿರು ಬಿಡುತ್ತಾ ಒಳಗೆ ಬಂದ ಮೇಲೆ ನಾನು ಬೀಗ ಹಾಕುತ್ತಿದ್ದೆ, ಅಪ್ಪ ಪುಟ ತಿರುಗಿಸುತ್ತಿದ್ದರು. ಇಬ್ಬರೂ ಉಪ್ಪು, ನೀರು, ಮಜ್ಜಿಗೆ ಅನ್ನುವ ಮೂರು ಪದಗಳಲ್ಲಿ ಸಂಸಾರ ನಡೆಸುತ್ತಿದ್ದರು. ಅಮ್ಮ ಒಂದು ದಿನ ತಡವಾದರೆ ಏನು ಅನ್ನುವುದು ನಮ್ಮ ನಾಲ್ವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆ ದಿನ ಮಧ್ಯಾಹ್ನದಿಂದಲೇ ಮಳೆ ಹಿಡಿದಿತ್ತು. ಮಳೆ ಬಂದರೆ ನೈರೋಬಿಯ ರಸ್ತೆಗಳು ಹೇಗೆ ನಿಂತುಬಿಡುತ್ತವೆ ಅಂತ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಗೋಡೆಯ ಮೇಲಿನ ಬೆಳಕು ಹೋಯಿತು. ಬೀದಿ ದೀಪ ಹತ್ತಿತು. ಬೀಗ, ಅಂದರು ಅಪ್ಪ. ನಾನು ಹಾಕಿದೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಬರಿಗಾಲಿನ ಸದ್ದು. ಅಮ್ಮ ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದಿದ್ದರು. ಸೀರೆಯಿಂದ ನೀರು ಸುರಿಯುತ್ತಿತ್ತು.

"ತೆಗಿ, ಪುಟ್ಟಿ."

ನಾನು ಅಪ್ಪನ ಕಡೆ ತಿರುಗಿದೆ. ಅವರು ಪೇಪರು ಕೆಳಗಿಳಿಸಲಿಲ್ಲ. ನಿಯಮ ಏನು ಅಂತ ಕೇಳಿದರು. ಕತ್ತಲಾದ ಮೇಲೆ ನೀವು ಹೇಳಿದರೆ ಮಾತ್ರ ತೆಗೆಯಬೇಕು, ಅಂದೆ. ನಾನು ಹೇಳಿದ್ದೇನಾ ಅಂದರು. ಇಲ್ಲ ಅಂದೆ.

"ನಾಳೆಯಿಂದ ಕೆಲಸಕ್ಕೆ ಹೋಗಲ್ಲ ಅಂತ ನಿಮ್ಮಮ್ಮ ಒಂದು ಮಾತು ಹೇಳ್ಲಿ. ಆಗ ತೆಗಿ ಅಂತೀನಿ."

ಅಮ್ಮ ಆ ಮಾತು ಹೇಳಲಿಲ್ಲ. ಬೈಯಲೂ ಇಲ್ಲ. ಗ್ರಿಲ್ಲಿನ ಸರಳು ಹಿಡಿದು ನಿಂತರು. ಕೆಳಗಿನಿಂದ ಗೇಟು ಕಾಯುವ ಅಸ್ಕಾರಿ ಮುಟುವಾ ಟಾರ್ಚು ಹಿಡಿದು ಮೇಲೆ ಬಂದ, ಪರಿಸ್ಥಿತಿ ನೋಡಿದ, "ಪೋಲೆ, ಮಾಮಾ," ಪಾಪ ಅಮ್ಮಾ, ಅಂತ ಸ್ವಾಹಿಲಿಯಲ್ಲಿ ಮೆಲ್ಲಗೆ ಸಮಾಧಾನ ಹೇಳಿ ಬೆಳಕು ಆರಿಸಿ ಇಳಿದುಹೋದ. ಅವನು ಬೆಳಕು ಆರಿಸಿದ್ದು ಅಮ್ಮನ ಮಾನ ಉಳಿಸಲು ಅಂತ ನನಗೆ ಆಗಲೇ ತಿಳಿಯಿತು, ಮುಖ ಬಿಸಿಯಾಯಿತು. ಅಣ್ಣ ಪುಸ್ತಕ ಬಿಟ್ಟು ಎದ್ದು, ಅಪ್ಪ, ಪೂರ್ತಿ ನೆಂದಿದಾರೆ, ಅಂದ. ಕೂತ್ಕೋ, ಅಂದರು ಅಪ್ಪ. ಅವನು ಕೂತ.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಹಿಂದಿನ ಯಾವುದೋ ಭಾನುವಾರದ ಪಾಠ. ಬುದ್ಧಿಗೂ ಆಸೆಗೂ ಜಗಳ ಬಿದ್ದಾಗ ಕೋಪ ಯಾರ ಕಡೆ ಹೋಗುತ್ತದೆ ಅಂತ ಅಪ್ಪ ಕೇಳಿದ್ದರು. ಸರಿಯಾಗಿ ಬೆಳೆಸಿದ ಕೋಪ ಎಂದೂ ಆಸೆಯ ಜೊತೆ ಸೇರುವುದಿಲ್ಲ, ನಂಬಿಕಸ್ಥ ನಾಯಿಯ ಹಾಗೆ ಬುದ್ಧಿಯ ಪಕ್ಕದಲ್ಲೇ ನಿಲ್ಲುತ್ತದೆ ಅಂತ ಅವರೇ ಉತ್ತರವನ್ನೂ ಹೇಳಿದ್ದರು. ನಾನು ಅದನ್ನು ಅಕ್ಷರಕ್ಕಕ್ಷರ ನಂಬಿದ್ದೆ. ಅದು ನನ್ನ ಬಗ್ಗೆ ಹೇಳಿದ ಮಾತಲ್ಲವಾ. ಈಗ ನನ್ನ ಕಿವಿ ಉರಿಯುತ್ತಿತ್ತು, ಹಲ್ಲು ಕಚ್ಚಿಕೊಂಡಿದ್ದೆ, ಮತ್ತು ನನಗೆ ನಿಜಕ್ಕೂ ದಾರಿ ತಿಳಿಯುತ್ತಿರಲಿಲ್ಲ.

"ಅಪ್ಪ, ಕೋಪ ಬುದ್ಧಿ ಪಕ್ಕದಲ್ಲೇ ನಿಲ್ಲುತ್ತೆ ಅಂದಿದ್ರಲ್ಲ."

"ಹೌದು."

"ನಂಗೀಗ ತುಂಬಾ ಕೋಪ ಬಂದಿದೆ."

"ಯಾರ ಮೇಲೆ?"

"ನಿಮ್ಮ ಮೇಲೆ. ಹಾಗಾದ್ರೆ ಬುದ್ಧಿ ಎಲ್ಲಿದೆ ಈಗ? ಗ್ರಿಲ್ಲಿಂದ ಈಚೆ ಕಡೆನಾ, ಆಚೆ ಕಡೆನಾ?"

ದಯವಿಟ್ಟು ಇದನ್ನು ಚುರುಕು ಮಾತು ಅಂದುಕೊಳ್ಳಬೇಡಿ. ಮನೆಪಾಠದಲ್ಲಿ ಲೆಕ್ಕ ತಾಳೆಯಾಗದಿದ್ದರೆ ಕೇಳುತ್ತೇವಲ್ಲ, ಹಾಗೆ ಕೇಳಿದ್ದೆ. ನನಗೆ ಉತ್ತರ ಬೇಕಾಗಿತ್ತು. ಅಪ್ಪನ ಪೇಪರು ನಿಧಾನವಾಗಿ ಕೆಳಗಿಳಿಯಿತು. ಅವರು ಬಾಯಿ ತೆರೆಯುವ ಮೊದಲು ಮಾತಾಡಿದ್ದು ಅಮ್ಮ. ದನಿ ಎತ್ತರಿಸಲಿಲ್ಲ.

"ಅವಳು ಬರೀ ಕೋಪ ಅಲ್ಲ ರೀ. ನಾನು ಬರೀ ಹೊಟ್ಟೆ ಅಲ್ಲ. ಮೂರೂ ಒಬ್ಬೊಬ್ಬ ಮನುಷ್ಯನ ಒಳಗೂ ಇರುತ್ತೆ ಅಂತ ವರ್ಷಾ ವರ್ಷಾ ಪಾಠ ಮಾಡ್ತೀರಿ. ಮನೆಗೆ ಬಂದು ಮಾತ್ರ ಕತ್ತರಿಸಿ ನಮಗೆ ಒಂದೊಂದು ತುಂಡು ಕೊಟ್ರಿ. ನಿಮಗೆ ಹಸಿವಾಗಲ್ವಾ? ಆ ಕುರ್ಚಿ ಮೇಲೆ ಈಗ ಕೂತಿರೋದು ಬುದ್ಧಿನಾ? ನೋಡ್ಕೊಳ್ಳಿ ಒಂದ್ಸಲ."

ಅಷ್ಟು ಹೇಳಿ ಮೆಟ್ಟಿಲ ಮೇಲೆ ನಮಗೆ ಬೆನ್ನು ಹಾಕಿ ಕೂತರು. ನಾನು ಕೊರಳಿಂದ ದಾರ ತೆಗೆದು ಸರಳುಗಳ ಸಂದಿಯಿಂದ ಕೀಲಿಯನ್ನು ಅಮ್ಮನ ಭುಜದ ಹತ್ತಿರ ಚಾಚಿದೆ. ಅವರು ತಿರುಗಿ ನೋಡಿದರು, ನನ್ನ ಬೆರಳುಗಳನ್ನು ಮುಚ್ಚಿ ಕೀಲಿಯನ್ನು ಒಳಗೇ ತಳ್ಳಿದರು. ನೀನು ತೆಗೆಯಬೇಡ, ನಿಮ್ಮಪ್ಪ ತೆಗೆಯಲಿ, ಅಂದರು. ಆಗ ನಾನು ಹೋಗಿ ಕೀಲಿಯನ್ನು ಅಪ್ಪನ ತೊಡೆಯ ಮೇಲಿದ್ದ ಪೇಪರಿನ ಮೇಲೆ ಇಟ್ಟು, ಅಣ್ಣನ ಪಕ್ಕ ನೆಲದ ಮೇಲೆ ಕೂತೆ. ಅಮ್ಮ ಆ ಕಡೆ, ಅಪ್ಪ ಈ ಕಡೆ, ಇಬ್ಬರೂ ಹೀಗೇ ಕೂತುಬಿಟ್ಟರೆ ನಮ್ಮ ಗತಿ ಏನು ಅಂತ ನನಗೆ ಅಳು ಒತ್ತಿಬರುತ್ತಿತ್ತು. ಅಣ್ಣ ನನ್ನ ಕೈ ಹಿಡಿದುಕೊಂಡ.

ಅಪ್ಪ ಎದ್ದರು. ಬೀಗದ ಹತ್ತಿರ ಹೋಗಿ ನಿಂತರು. ಕೀಲಿ ತೂತಿಗೆ ಹೋಗದೆ ಬೀಗಕ್ಕೆ ಬಡಿಯುವ ಸದ್ದು ಕೇಳಿಸುತ್ತಲೇ ಇತ್ತು. ಕೊನೆಗೂ ಬೀಗ ಬಿಚ್ಚಿತು. ಬಾ, ಸುಮಿ, ಅಂದರು. ಅಮ್ಮ ಎದ್ದು ಅವರನ್ನು ದಾಟಿಕೊಂಡು ನೇರ ಬಚ್ಚಲಿಗೆ ಹೋದರು. ಅಂದು ಯಾರೂ ಅನ್ನ ಬಿಸಿ ಮಾಡಲಿಲ್ಲ. ಫ್ಯಾಕ್ಟರಿಯಲ್ಲಿ ಕೆಲಸದವರಿಗೆ ಕೊಡುವ ಮುರುಕು ಬಿಸ್ಕತ್ತಿನ ಪೊಟ್ಟಣ ಅಮ್ಮನ ಚೀಲದಲ್ಲಿ ನೆನೆದಿತ್ತು. ಅಪ್ಪ ಹಾಲು ಕಾಯಿಸಿ, ಅರ್ಧ ಉಕ್ಕಿಸಿ, ನಾಲ್ಕು ಲೋಟಕ್ಕೆ ಹಾಕಿದರು. ಅದೇ ಊಟ.

ಮರುದಿನ ಅಮ್ಮ ಕೆಲಸಕ್ಕೆ ಹೋದರು. ಶನಿವಾರ ಪಕ್ಕದ ನಗಾರಾ ಬಡಾವಣೆಯಲ್ಲಿ ಕೀಲಿ ಮಾಡುವವನ ಹತ್ತಿರ ಹೋಗಿ ಇನ್ನೂ ಮೂರು ಕೀಲಿ ಮಾಡಿಸಿಕೊಂಡು ಬಂದು ಎಲ್ಲರ ಕೈಗೂ ಒಂದೊಂದು ಕೊಟ್ಟರು. ನಾನು ಜೋರಾಗಿ ಅತ್ತೆ. ನಿಮಗೆ ವಿಚಿತ್ರ ಅನ್ನಿಸಬಹುದು, ಆದರೆ ನನ್ನ ಪದವಿ ಹೋಗಿತ್ತು. ಎಲ್ಲರ ಹತ್ತಿರವೂ ಕೀಲಿ ಇದ್ದರೆ ಕಾಯುವವಳು ಯಾಕೆ ಬೇಕು ಅಂತ ಕೇಳಿದೆ.

"ನೀನು ಕಾವಲು ನಾಯಿ ಅಲ್ಲ ಕಣೇ," ಅಂದರು ಅಮ್ಮ. "ಹೋಗು, ಕೆಳಗೆ ಆಡ್ಕೊ."

ಅಪ್ಪ ರಾತ್ರೋರಾತ್ರಿ ಬದಲಾದರು ಅಂತ ಬರೆದರೆ ನೀವೆಲ್ಲ ಹೃದಯದ ಚಿತ್ರ ಒತ್ತುತ್ತೀರಿ, ಆದರೆ ಹಾಗಾಗಲಿಲ್ಲ. ಅಮ್ಮನ ಲ್ಯಾಬಿನಲ್ಲಿ ಏನು ಕೆಲಸ ಅಂತ ಅವರು ಕೇಳಿದ್ದು ಎಷ್ಟೋ ಕಾಲದ ಮೇಲೆ. ಭಾನುವಾರದ ಮೇಜು ಕೆಲವು ವಾರ ಸುಮ್ಮನಿತ್ತು. ಆಮೇಲೊಂದು ದಿನ ಕೈ ತೊಳೆದು ಬಂದು ಕೂತು, ಯಾರ ಮುಖವನ್ನೂ ನೋಡದೆ, ನಾನು ಪಾಠವನ್ನು ಅರ್ಧಕ್ಕೇ ನಿಲ್ಲಿಸಿದ್ದೆ, ಊರಿನ ತನಕ ಬಂದು ಅಲ್ಲೇ ನಿಂತುಬಿಟ್ಟೆ, ಮನುಷ್ಯನ ಒಳಗೆ ಹೋಗಲೇ ಇಲ್ಲ, ಅಂದರು. ಅಮ್ಮ ಮಜ್ಜಿಗೆ ಬಡಿಸುತ್ತಿದ್ದವರು ಸೌಟು ಇಟ್ಟು ಕುರ್ಚಿ ಎಳೆದುಕೊಂಡು ಕೂತರು. ಅಂದಿನಿಂದ ಪ್ರಶ್ನೆ ಕೇಳುವ ಸರದಿ ಸುತ್ತ ತಿರುಗಿತು. ಅಮ್ಮ ನಿವೃತ್ತಿಯಾಗುವ ತನಕ ಆ ಲ್ಯಾಬಿನಲ್ಲೇ ಇದ್ದರು. ತರಬೇತಿಯಲ್ಲಿದ್ದ ನಮ್ಮ ಬುದ್ಧಿ, ಅಂದರೆ ಅಣ್ಣ, ಈಗಲೂ ಹೋಟೆಲಿನಲ್ಲಿ ಏನು ತಿನ್ನಬೇಕು ಅಂತ ತೀರ್ಮಾನಿಸಲಾರದೆ ನನಗೆ ಫೋನ್ ಮಾಡುತ್ತಾನೆ. ನಾನೋ, ಇಲ್ಲಿ ನಿಮ್ಮ ಮುಂದೆ ದಿನಾ ಯಾರ ಮೇಲಾದರೂ ಸಿಟ್ಟಾಗಿ ಬರೆಯುತ್ತೇನೆ. ಬರೆಯುವ ಮೊದಲು ಮಾತ್ರ ಒಂದು ಸಲ ಕೇಳಿಕೊಳ್ಳುತ್ತೇನೆ: ಈ ಕೋಪ ಗ್ರಿಲ್ಲಿನ ಯಾವ ಕಡೆ ನಿಂತಿದೆ? ಕೆಲವು ಸಲ ಉತ್ತರ ನೋಡಿ ಬರೆದದ್ದನ್ನು ಅಳಿಸಿದ್ದೂ ಇದೆ.

ಹೋದ ವಾರ ಅತಿಥಿಗಳು ಹೋದ ಮೇಲೆ ಮಗಳ ಕೋಣೆಯ ಬಾಗಿಲು ತಟ್ಟಿದೆ. ಒಳಗಿನಿಂದ ಚಿಲಕ ಹಾಕಿದ್ದಳು. ತೆಗಿ ಅನ್ನಲಿಲ್ಲ. ಹೊರಗೆ ನೆಲದ ಮೇಲೆ ಕೂತು, ಬಾಗಿಲಿಗೆ ಬೆನ್ನು ಕೊಟ್ಟು, ನಿಮಗೆ ಈಗ ಹೇಳಿದ್ದನ್ನೇ ಅವಳಿಗೆ ಹೇಳಿದೆ. ಮಧ್ಯದಲ್ಲಿ ಎಲ್ಲೋ ಚಿಲಕ ಸರಿದ ಸದ್ದಾಯಿತು. ಅವಳು ಬಂದು ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದಳು, ಅದೂ ಅಪರೂಪಕ್ಕೆ ಕನ್ನಡದಲ್ಲಿ.

"ಅಜ್ಜಿಗೆ ಚಳಿ ಆಗ್ತಿತ್ತಾ, ಅಲ್ಲಿ?"

ಅಷ್ಟು ವರ್ಷದಲ್ಲಿ ನಮ್ಮ ಮನೆಯ ಬುದ್ಧಿ, ಕೋಪ ಯಾವುದೂ ಕೇಳದಿದ್ದ ಪ್ರಶ್ನೆ ಅದು. ಅಮ್ಮನಿಗೆ ಫೋನ್ ಹಚ್ಚಿ ಮಗಳ ಕೈಗೆ ಕೊಟ್ಟೆ.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ನಿಮಗೆ ಸಿಕ್ಕ ತುಂಡು ಯಾವುದು? ಅದನ್ನು ಹಂಚಿದವರು ಯಾರು? ಬಾಗಿಲಿನ ಆಚೆ ನಿಂತವರು ಯಾರಾದರೂ ಇದ್ದರೆ, ಕೀಲಿ ಆಗ ಯಾರ ಕೈಯಲ್ಲಿತ್ತು? ಕೆಳಗೆ ಬರೆಯಿರಿ, ಉದ್ದವಾದರೂ ಪರವಾಗಿಲ್ಲ. ನಾನು ಒಂದೊಂದನ್ನೂ ಓದುತ್ತೇನೆ, ಈ ಸಲ ಮಗಳೂ ಪಕ್ಕದಲ್ಲಿ ಕೂತಿರುತ್ತಾಳೆ.